ಪಿಂಚಣಿಗೆ ಎಷ್ಟು ಹಲ್ಲು

"ಬಾಯ್ ತೆಗಿಯಮ್ಮಿ, ಹಲ್ಲು ನೋಡಾನ."

ವೆಂಕಟರಮಣಪ್ಪ ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ತಲೆಗೂ ಮೀಸೆಗೂ ಆಗಷ್ಟೇ ಕಪ್ಪು ಬಣ್ಣ ಬಳಿದುಕೊಂಡು ಒಣಗಲು ಬಿಟ್ಟಿದ್ದರು. ಪಕ್ಕದಲ್ಲಿ ಗ್ರಾಮ ಲೆಕ್ಕಿಗ ಸುನಿಲ್‌ಕುಮಾರ್ ಕಾಫಿ ಕುಡಿಯುತ್ತ, ಪಿಳ್ಳಮ್ಮನ ವೃದ್ಧಾಪ್ಯ ಪಿಂಚಣಿಯ ಅರ್ಜಿಯನ್ನು ಲೋಟದಡಿ ಇಟ್ಟುಕೊಂಡಿದ್ದ. ಪಿಳ್ಳಮ್ಮ ಅಂಗಳದ ಬಿಸಿಲಲ್ಲಿ ನಿಂತಿದ್ದಳು. ಆ ಜಗಲಿಯ ಮೆಟ್ಟಿಲು ಅವಳ ಕೇರಿಯವರಿಗಲ್ಲ.

"ಕಾರ್ಡಲ್ಲಿ ಅರವತ್ತೆರಡು ಅಂತ ಐತಲ್ಲ ಸಾ."

"ಕಾರ್ಡಲ್ಲಿ ನೀನ್ ಹೇಳಿದ್ದೇ ಬರ್ಕೊಂಡಿರ್ತಾರೆ," ಎಂದ ಸುನಿಲ್‌ಕುಮಾರ್. "ತಲೇಲಿ ಒಂದು ಬಿಳಿ ಕೂದ್ಲಿಲ್ಲ. ನಾನೇನಂತ ವರದಿ ಕೊಡ್ಲಿ?"

ಬಿಳಿ ಕೂದಲು ಇಟ್ಟುಕೊಳ್ಳಲು ಮೇಸ್ತ್ರಿ ಬಿಡಬೇಕಲ್ಲ. ತಲೆ ನೆರೆತವರನ್ನು ಅವನು ವೆಂಕಟರಮಣಪ್ಪನವರ ದ್ರಾಕ್ಷಿ ತೋಟದ ಗೇಟಿನಲ್ಲೇ ಅಟ್ಟುತ್ತಿದ್ದ. ಹಾಗಾಗಿ ಕೇರಿಯ ಮುದುಕಿಯರು ಕುಂದಾಣದ ಅಂಗಡಿಯಿಂದ ಬಣ್ಣದ ಪೊಟ್ಟಣ ತಂದು, ಒಬ್ಬರ ತಲೆಗೊಬ್ಬರು ಬಳಿದು ಕೂಲಿಗೆ ಹೋಗುತ್ತಿದ್ದರು. ಪಿಂಚಣಿ ಕೇಳಿದರೆ ಮುದುಕಿ, ಮುದುಕಿಯಾದರೆ ಕೂಲಿಯಿಲ್ಲ. ಪಿಳ್ಳಮ್ಮ ಎರಡು ವರ್ಷ ಮುಂದೂಡಿದ್ದಳು. ಈಗ ಕೂತರೆ ಮಂಡಿ ಏಳಗೊಡುತ್ತಿರಲಿಲ್ಲ.

"ಯೋಚ್ನೆ ಮಾಡ್ಕಳೇ ಪಿಳ್ಳಿ," ಎಂದರು ವೆಂಕಟರಮಣಪ್ಪ. "ಇವತ್ತು ಹೆಬ್ಬೆಟ್ಟು ಒತ್ತಿದ್ರೆ ನಾಳೆಯಿಂದ ನನ್ ತ್ವಾಟಕ್ಕೆ ಕಾಲಿಕ್ಕಂಗಿಲ್ಲ. ಇನ್ನೈದೊರ್ಸ ದುಡಿ, ಆಮ್ಯಾಕೆ ಮುದುಕಿ ಆಗೀವಂತೆ. ಬಿಟ್ಟಿ ಕಾಸು ಅಂದ್ರೆ ಸಾಕು, ಬೇವರ್ಸಿ ಮುಂಡೇವು ಓಡ್ ಬತ್ತವೆ. ತೆಗಿ ಬಾಯಿ."

ಹನ್ನೆರಡು ಎಕರೆಯ ಈ ಬಡವರಿಗೆ ಐವತ್ತೈದಕ್ಕೇ ವೃದ್ಧಾಪ್ಯ ಪಿಂಚಣಿ ಶುರುವಾಗಿ ನಾಲ್ಕು ವರ್ಷವಾಗಿತ್ತು. ಆ ವರದಿಯನ್ನೂ ಸುನಿಲ್‌ಕುಮಾರನೇ ಬರೆದದ್ದು, ಇದೇ ಜಗಲಿಯಲ್ಲಿ, ಇದೇ ಕಾಫಿ ಕುಡಿದು. ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಪಿಳ್ಳಮ್ಮ ಬಾಯಿ ತೆಗೆದಳು. ಸಂತೆಯಲ್ಲಿ ದನ ಕೊಳ್ಳುವವನಂತೆ ಸುನಿಲ್‌ಕುಮಾರ್ ಬಗ್ಗಿ ನೋಡಿದ.

"ದವಡೆ ಗಟ್ಟಿಯಾಗೈತೆ ಯಜಮಾನ್ರೆ. ಇನ್ನೂ ನಾಕು ಬೆಳೆ ಉಳಬೌದು."

ಇಬ್ಬರೂ ನಕ್ಕರು. ಪಿಳ್ಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

"ಲೇ, ಎಲ್ಲಿಗ್ ಬತ್ತಿದ್ದೀಯೇ?"

"ನಿಮ್ದೂ ನೋಡಾನ ಅಂತ. ನಾಕೊರ್ಸದಿಂದ ತಿಂತಾ ಇದ್ದೀರಿ ಪಿಂಚಣಿಯ. ನಿಮ್ ಹಲ್ಲ ಯಾರೂ ನೋಡ್ಲೇ ಇಲ್ವಲ್ಲ."

ಎಡಗೈಯಲ್ಲಿ ಅವರ ಗಲ್ಲ ಹಿಡಿದು, ಹೆಬ್ಬೆರಳಿನಿಂದ ಮೀಸೆ ಸಮೇತ ತುಟಿ ಎತ್ತಿದಳು. ಮುಟ್ಟಬಾರದವಳು ಮುಟ್ಟಿದಳೆಂದು ಕಿರುಚಲು ವೆಂಕಟರಮಣಪ್ಪನವರಿಗೆ ಬಾಯಿ ಬೇಕಿತ್ತು. ಬಾಯಿ ಅವಳ ಕೈಯಲ್ಲಿತ್ತು.

"ಮೂವತ್ತೆರಡೂ ಅವೆ ಸಾ," ಎಂದಳು ಲೆಕ್ಕಿಗನಿಗೆ. "ಬರ್ಕಳಿ."

ಕೈ ಬಿಟ್ಟಾಗ ಹೆಬ್ಬೆರಳು ಮೀಸೆಯ ಬಣ್ಣಕ್ಕೆ ಕರ್ರಗಾಗಿತ್ತು. ಕಾಫಿ ಲೋಟವನ್ನು ಪಕ್ಕಕ್ಕೆ ತಳ್ಳಿ, ಅರ್ಜಿಯ ಮೇಲೆ ಆ ಹೆಬ್ಬೆರಳನ್ನೇ ಒತ್ತಿದಳು. ಸುನಿಲ್‌ಕುಮಾರ್ ಇಂಕಿನ ಡಬ್ಬಿಯನ್ನು ಇನ್ನೂ ಚೀಲದಿಂದ ತೆಗೆದಿರಲಿಲ್ಲ.