ಚಾವುಶೇವಿಚ್ ಎಂದು ಕರೆದಾಗ

ಸ್ವೀಡನ್ನಿನ ಆ ಊರಿನಲ್ಲಿ ಹುಸ್ನಿಯಾ ಚಾವುಶೇವಿಚ್ ಮೂವತ್ತು ವರ್ಷ ಜನರ ಬಾಯಲ್ಲಿ ಕೌಸೆವಿಕ್ ಆಗಿಯೇ ಬದುಕಿದ. ಔಷಧದ ಅಂಗಡಿಯಲ್ಲಿ ಕೌಸೆವಿಕ್, ಬೇರಿಂಗ್ ಕಾರ್ಖಾನೆಯಲ್ಲಿ ಕೌಸೆವಿಕ್, ಹಲ್ಲಿನ ಡಾಕ್ಟರ ಹತ್ತಿರ ಒಮ್ಮೆ ಕೋಸ್ವಿಕ್ಕೂ ಆಗಿದ್ದ. ಹೇಗೆ ಕರೆದರೂ ನಗುತ್ತಲೇ ಎದ್ದು ಹೋಗುತ್ತಿದ್ದ. ಮಗಳು ಮೆರಿಮಾಗೆ ಆ ನಗು ಕಂಡರೆ ಚಿಕ್ಕಂದಿನಿಂದಲೂ ಮೈಯುರಿ. ಬೋಸ್ನಿಯಾದಿಂದ ಜೀವ ಕೈಯಲ್ಲಿ ಹಿಡಿದು ಬಂದವರು ತಂದದ್ದಾದರೂ ಏನು? ಒಂದು ಹೆಸರು. ಅದನ್ನೂ ಕಂಡಕಂಡವರ ಬಾಯಿಗೆ ಹಾಕಿ ಜಗಿಯಲು ಬಿಡುವುದೇ ಎಂದು ಅವಳ ಸಿಟ್ಟು.

ಈ ಸಲ ಅವಳು ನಗರಸಭೆಗೆ ಆರಿಸಿ ಬಂದಳು. ಪ್ರಚಾರದ ದಿನಗಳಲ್ಲಿ ಪಕ್ಷದವರು ನಯವಾಗಿ ಹೇಳಿ ನೋಡಿದ್ದರು: ಪೋಸ್ಟರಿನಲ್ಲಿ ಬರೀ ಮೆರಿಮಾ ಎಂದಿರಲಿ, ಜನರ ನಾಲಿಗೆಯೂ ಹೊರಳಬೇಕಲ್ಲ. ರೇಡಿಯೋದವನೊಬ್ಬ ಅವಳೆದುರಿಗೇ ಹೆಸರನ್ನು ಅಡ್ಡಾದಿಡ್ಡಿ ಎಳೆದಾಡಿ, ಹೇಗೆ ಕರೆದರೂ ನೀವೇ ತಾನೇ ಎಂದು ನಕ್ಕಿದ್ದ.

"ನಮ್ಮ ಕಡೆ ಫುಟ್‌ಬಾಲ್ ಆಡೋರ ಹೆಸರಾದ್ರೆ ಗೋಲು ಹೊಡೆದ ಕೂಡ್ಲೇ ನಿಮ್ಮ ನಾಲಿಗೆ ತಾನಾಗೇ ಹೊರಳುತ್ತೆ," ಎಂದಿದ್ದಳು ಮೆರಿಮಾ. "ನಾನೂ ಒಂದು ಗೋಲು ಹೊಡೀಬೇಕೇನೋ."

ಅಲ್ಲಿ ಹೊಸ ಸಭೆ ಶುರುವಾಗುವುದು ಹಾಜರಿಯಿಂದ. ಕಾರ್ಯದರ್ಶಿ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಬೇಕು, ಕರೆಸಿಕೊಂಡವರು ಹೌದು ಎನ್ನಬೇಕು. ಕಾರ್ಯದರ್ಶಿ ಗುನ್ನೆಲ್ ಬಹಳ ನಿಷ್ಠೆಯ ಹೆಂಗಸು. ತಪ್ಪಾಗಬಾರದೆಂದು ತಾನೇ ಮೆರಿಮಾಗೆ ಫೋನ್ ಮಾಡಿ, ಹೆಸರು ಹೇಗೆ ಹೇಳಬೇಕು ಎಂದು ಕೇಳಿದಳು. ಮೆರಿಮಾಗೆ ಅಷ್ಟೇ ಸಾಕಾಯಿತು. ಅವಳನ್ನು ಕಾಫಿಗೆ ಕರೆದು, ದಾಲ್ಚಿನ್ನಿ ಬನ್ನು ಮುಂದಿಟ್ಟು, ಮಗುವಿಗೆ ಮಗ್ಗಿ ಕಲಿಸುವಂತೆ ಕಲಿಸಿದಳು. ಗುನ್ನೆಲ್ ಬಸ್ಸಿನಲ್ಲೂ ಗುನುಗಿಕೊಂಡು ಹೋದಳಂತೆ, ಪಕ್ಕದವನು ಎದ್ದು ಬೇರೆ ಕಡೆ ಕೂತನಂತೆ.

ಈ ಸುದ್ದಿ ಹೇಳಲು ಮೆರಿಮಾ ಅಪ್ಪನ ಮನೆಗೆ ಹೋದಾಗ ಅವನು ಒಲೆಯ ಮುಂದೆ ನಿಂತು ತಾಮ್ರದ ಪಾತ್ರೆಯಲ್ಲಿ ಕಾಫಿ ಉಕ್ಕಿಸುತ್ತಿದ್ದ.

"ಬಾಬೋ, ಬುಧವಾರ ಇಡೀ ಸಭೆ ಮುಂದೆ ನಮ್ಮ ಹೆಸರು ಸರಿಯಾಗಿ ಕೂಗ್ತಾರೆ. ಮೇಲೆ ಗ್ಯಾಲರೀಲಿ ಕೂತು ನೀನು ಕೇಳ್ಬೇಕು."

"ಅದೆಲ್ಲಾ ಯಾಕ್ ಮಗಾ? ಅವ್ರು ಕರೆಯೋ ಹಾಗೇ ಚೆನ್ನಾಗಿದೆ."

"ಏನ್ ಚೆನ್ನಾಗಿದೆ? ಅದು ನಮ್ಮ ಹೆಸರೇ ಅಲ್ಲ."

"ಅದಕ್ಕೇ," ಎಂದ ಹುಸ್ನಿಯಾ.

ಮೆರಿಮಾ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೆಯ ಮೇಲೆ ಚಿಕ್ಕಪ್ಪ ಫಿಕ್ರೆತ್‌ನ ಫೋಟೋ ಇತ್ತು. ಯುದ್ಧದಲ್ಲಿ ಅಣ್ಣತಮ್ಮಂದಿರಿಬ್ಬರನ್ನೂ ಒಂದೇ ಶಿಬಿರದಲ್ಲಿ ಕೂಡಿಹಾಕಿದ್ದರು. ಅಣ್ಣ ಬದುಕಿ ಬಂದ, ತಮ್ಮನ ಮೂಳೆಗಳು ಎಷ್ಟೋ ವರ್ಷದ ಮೇಲೆ ಒಂದು ಗುಂಡಿಯಲ್ಲಿ ಸಿಕ್ಕವು. ಅದಕ್ಕಿಂತ ಹೆಚ್ಚು ಅವಳಿಗೆ ಯಾರೂ ಹೇಳಿರಲಿಲ್ಲ. ಚಿಕ್ಕಪ್ಪ ಇದ್ದಿದ್ದರೆ ನಿನ್ನ ಹಾಗೆ ತಲೆ ತಗ್ಗಿಸುತ್ತಿರಲಿಲ್ಲ ಎಂದು ಅಂದೇಬಿಟ್ಟಳು. ಹುಸ್ನಿಯಾ ಫೋಟೋ ಕಡೆ ನೋಡಿ, ಹೌದು, ತಗ್ಗಿಸುತ್ತಿರಲಿಲ್ಲ ಎಂದು ಒಪ್ಪಿಕೊಂಡ. ಬುಧವಾರ ಬರುತ್ತೇನೆ ಎಂದೂ ಹೇಳಿದ.

ಬಂದ. ಹಳೆಯ ಸೂಟು ಹಾಕಿ ಗ್ಯಾಲರಿಯ ಮುಂದಿನ ಸಾಲಿನಲ್ಲಿ ಕೂತ. ಮೆರಿಮಾ ಕೆಳಗಿನಿಂದ ಕೈ ಬೀಸಿದಳು, ಅವನು ನೋಡಲಿಲ್ಲ. ಸಭೆ ತುಂಬಿತ್ತು. ಬಾಗಿಲ ಹತ್ತಿರ ಗುನ್ನೆಲ್ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದಳು. ಪಟ್ಟಿಯಲ್ಲಿ ಮನೆತನದ ಹೆಸರೇ ಮೊದಲು. ಬರ್ಗ್ ಎಂದಾಗ ಹೌದು ಎಂದರು, ಕಾರ್ಲ್‌ಬೋಮ್ ಎಂದಾಗ ಹೌದು ಎಂದರು. ಗುನ್ನೆಲ್ ಒಮ್ಮೆ ಉಸಿರು ಎಳೆದುಕೊಂಡಳು.

"ಚಾವುಶೇವಿಚ್!"

ಕೊಂಚವೂ ಕುಂದಿಲ್ಲ. ಬೋಸ್ನಿಯಾದಲ್ಲೇ ಹುಟ್ಟಿದವರು ಕೂಗಿದ ಹಾಗಿತ್ತು. ಮೆರಿಮಾ ಮೊದಲು ಗ್ಯಾಲರಿಯ ಕಡೆ ತಲೆ ಎತ್ತಿದಳು, ಹೌದು ಎನ್ನುವುದು ಒಂದು ಗಳಿಗೆ ತಡವಾಯಿತು. ಅಷ್ಟರಲ್ಲಿ ಮೇಲಿನಿಂದ, ಬೋಸ್ನಿಯಾದ ಭಾಷೆಯಲ್ಲಿ, "ಇಲ್ಲಿದ್ದೀನಿ" ಎಂಬ ದನಿ ಬಂತು.

ಹುಸ್ನಿಯಾ ಎದ್ದು ನಿಂತಿದ್ದ. ಯಾರ ಮುಖವನ್ನೂ ನೋಡದೆ, ಕೂತವರ ಮಂಡಿಗಳನ್ನು ದಾಟಿಕೊಂಡು, ಬಾಗಿಲ ಕಡೆ ನಡೆದ. ಹೆಮ್ಮೆಯ ಅಪ್ಪ ಎಂದುಕೊಂಡರು ಜನ. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಸಭೆಗೆ ಸಭೆಯೇ ತಟ್ಟಿತು. ಅಣಕಿಸಿದ್ದವರೂ ತಟ್ಟಿದರು. ಆ ಚಪ್ಪಾಳೆಯ ನಡುವೆ ಅವನು ಹೊರಗೆ ಹೋದ.

ಮೆರಿಮಾ ಓಡಿದಳು. ಹೊರಗಿನ ಓಣಿಯಲ್ಲಿ ಅಪ್ಪ ಗೋಡೆಗೆ ಮುಖ ಮಾಡಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು ನಿಂತಿದ್ದ. ಕೈಗಳನ್ನು ಒಂದೊಂದಾಗಿ ಬಿಡಿಸಿ, ಅವನನ್ನು ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲಿ ಕೂತಳು.

"ಶಿಬಿರದ ಬಾಗಿಲಲ್ಲಿ ನಿಂತು ಕಾಗದ ನೋಡ್ಕೊಂಡು ಕೂಗೋರು," ಎಂದ ಅವನು. "ಕೂಗಿಸ್ಕೊಂಡೋರು ಯಾರೂ ವಾಪಸ್ ಬರ್ತಿರ್ಲಿಲ್ಲ. ಅವತ್ತು ಬರೀ ಚಾವುಶೇವಿಚ್ ಅಂದ್ರು. ಯಾವ ಚಾವುಶೇವಿಚ್ ಅಂತ ಹೇಳ್ಲಿಲ್ಲ. ನಾನು ಏಳೋಕೆ ಹೋದೆ. ಫಿಕ್ರೆತ್ ನನ್ನ ಹೆಗಲು ಅದುಮಿ ಕೂರಿಸಿಬಿಟ್ಟ. ನಿಂಗೆ ಮಗು ಇದೆ ಅಂದ, ತಾನೇ ಎದ್ದು ಹೋದ. ನಾನು ಕೂತೆ, ಮಗಾ. ಕೂತೇಬಿಟ್ಟೆ."

ಆ ಮಗು ತಾನು. ಈ ದೇಶದಲ್ಲಿ ಯಾರಿಗೂ ತನ್ನ ಹೆಸರು ಹೇಳಲು ಬಾರದು ಎಂದು ಗೊತ್ತಾದ ದಿನವೇ ತನಗೆ ಮೊದಲ ಸಲ ನಿದ್ದೆ ಬಂದದ್ದು ಎಂದ ಅಪ್ಪ. ಆ ಒಂದು ನೆಮ್ಮದಿಯನ್ನು ಅವಳು ಕಾಫಿ ಕುಡಿಸಿ, ಬನ್ನು ತಿನ್ನಿಸಿ, ಕೈಯಾರೆ ಕಿತ್ತುಹಾಕಿದ್ದಳು. ಗುನ್ನೆಲ್ ಕಲಿತುಬಿಟ್ಟ ಆ ಹೆಸರನ್ನು ಇನ್ನು ಹೇಗೆ ಮರೆಸುವುದು?

ಬಾಗಿಲು ತೆರೆಯಿತು. ಸಭೆ ಅವಳೊಬ್ಬಳ ಉತ್ತರಕ್ಕೆ ಕಾಯುತ್ತಿತ್ತು. ಗುನ್ನೆಲ್ ಹೊರಗೆ ತಲೆ ಹಾಕಿ, ಪಟ್ಟಿ ನೋಡಿಕೊಂಡು, ಕಲಿತ ಪಾಠ ಒಪ್ಪಿಸುವ ಖುಷಿಯಲ್ಲಿ, ಇನ್ನೂ ಸ್ಪಷ್ಟವಾಗಿ ಕರೆದಳು.

"ಚಾವುಶೇವಿಚ್?"

ಮೆರಿಮಾ ಏಳಲು ಹೋದಳು. ಅಪ್ಪನ ಕೈ ಅವಳ ಹೆಗಲ ಮೇಲೆ ಬಿತ್ತು, ಆ ವಯಸ್ಸಿಗೆ ನಂಬಲಾಗದಷ್ಟು ಬಲವಾಗಿ ಅವಳನ್ನು ಅದುಮಿ ಕೂರಿಸಿತು.

"ನೀನು ಏಳ್ಬೇಡ ಫಿಕ್ರೆತ್," ಎಂದ ಹುಸ್ನಿಯಾ. "ಈ ಸಲ ನಾನು ಹೋಗ್ತೀನಿ."