ಮುಚ್ಚಳ ಸಹಿತ ದೊಡ್ಡ ಪಾತ್ರೆ, ಒಂದು

ಮಹಾಂತೇಶ್ ಸ್ಟಿಕ್ಕರ್ ಅಂಟಿಸಿ ಹೆಬ್ಬೆರಳಿನಿಂದ ಉಜ್ಜಿದ ಮೇಲೆಯೇ ಸಾಜಿದಾ ನೋಡಿದ್ದು, ಅದು ತನ್ನ ತಾಯಿಯ ಪಾತ್ರೆಯ ಮೇಲೆ ಕೂತಿತ್ತು.

ಸೊಕ್ಕೆ ರಸ್ತೆಯ ಸಣ್ಣ ಹಳ್ಳಿಯೊಂದರಲ್ಲಿ ಸಾಜಿದಾ ಹದಿನಾಲ್ಕು ವರ್ಷದಿಂದ ಅಂಗನವಾಡಿ ಟೀಚರ್. ಸರ್ಕಾರದ ಸಾಮಾನೆಲ್ಲ ಇನ್ನು ಮೊಬೈಲಿನಲ್ಲಿ ಕಾಣಬೇಕು, ಒಂದೊಂದಕ್ಕೂ ನಂಬರಿನ ಸ್ಟಿಕ್ಕರ್, ಒಂದು ಫೋಟೊ ಎಂದು ಆದೇಶ ಬಂದಿತ್ತು. ಅದಕ್ಕೆಂದೇ ಜಗಳೂರಿನಿಂದ ಬಂದ ಮಹಾಂತೇಶ್ ತಕ್ಕಡಿ, ಕುರ್ಚಿ, ಗ್ಯಾಸ್ ಒಲೆ ಮುಗಿಸಿ ಅಡುಗೆ ಕೋಣೆಗೆ ನುಗ್ಗಿದ್ದ. ರಿಜಿಸ್ಟರಿನಲ್ಲಿ ಮುಚ್ಚಳ ಸಹಿತ ದೊಡ್ಡ ಪಾತ್ರೆ ಒಂದು ಎಂದಿತ್ತು. ಒಲೆಯ ಪಕ್ಕ ಅಂಥದೊಂದಿತ್ತು. ಅಂಟಿಸಿದ.

ಸರ್ಕಾರದ ಪಾತ್ರೆ ತಳ ತೂತಾಗಿ ನಾಲ್ಕು ವರ್ಷವಾಗಿತ್ತು. ಬೇರೆ ಕೊಡಿ ಎಂದು ಸಾಜಿದಾ ಮೂರು ಸಲ ಬರೆದರೂ ಉತ್ತರವಿಲ್ಲ. ಮಕ್ಕಳ ಹೊಟ್ಟೆ ಕೇಳಬೇಕಲ್ಲ. ತಾಯಿ ಮೆಹರಾಜ್ ಬೇಗಂ ಅವರ ಮದುವೆಯ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿ ತಂದಿಟ್ಟಳು. ಈ ರಂಜಾನಿಗಾದರೂ ವಾಪಸ್ ತಾ ಎಂದು ತಾಯಿ ಹೇಳುತ್ತಲೇ ಇದ್ದರು. ತೂತಾದದ್ದನ್ನು ಎಸೆಯಲು ಆದೇಶವಿಲ್ಲ. ಅದು ಬಾಗಿಲ ಹಿಂದೆ ಬಿದ್ದಿತ್ತು.

ಸಾಜಿದಾ ಇದನ್ನೆಲ್ಲ ಹೇಳಿದ್ದು ಕೇಳಿ ಮಹಾಂತೇಶ್ ತಲೆ ಕೆರೆದುಕೊಂಡ. 'ಕೆಟ್ಟಿದೆ' ಎಂದು ಒತ್ತಿದರೆ ಮೊಬೈಲು ಮೇಲಿನವರ ಆದೇಶದ ನಂಬರ್ ಕೇಳುತ್ತದೆ, ಕೊಡದಿದ್ದರೆ ಈ ಕೇಂದ್ರ ಜಿಲ್ಲೆಯವರೆಗೂ ಕೆಂಪಗೆ ಕಾಣುತ್ತದೆ ಎಂದ.

"ಹಳೇದನ್ನೇ ಚೆನ್ನಾಗೈತೆ ಅಂತ ಒತ್ತಿಬಿಡ್ತೀನಿ ಮೇಡಂ. ನಿಮ್ದು ನಿಮಗೆ ಉಳೀತೈತೆ."

ಬಟ್ಟಲು ತೊಳೆಯುತ್ತಿದ್ದ ಸಹಾಯಕಿ ಶಂಕ್ರಮ್ಮ ತಲೆಯೆತ್ತಿದಳು. "ಹಂಗಾದ್ರೆ ನಾಳೆ ಅದ್ರಾಗೆ ನೀನೇ ಸಾರು ಮಾಡಾಕೆ ಬಾರಪ್ಪ."

ಸಾಜಿದಾ ಯೋಚಿಸಿದಳು. ಸ್ಟಿಕ್ಕರ್ ಉಳಿದರೆ ಪಾತ್ರೆ ಸರ್ಕಾರದ್ದು. ಹಳೆಯದು ಚೆನ್ನಾಗಿದೆ ಎಂದರೆ ಹೊಸದು ಎಂದೂ ಬರುವುದಿಲ್ಲ. ಎರಡರಲ್ಲೂ ತಾಯಿಯ ಪಾತ್ರೆ ಮನೆಗೆ ಹೋಗುವುದಿಲ್ಲ.

"ಕೆಂಪಾಗ್ಲಿ ಬಿಡ್ರಿ," ಎಂದಳು. "ಕೆಟ್ಟೈತೆ ಅಂತಾನೇ ಒತ್ರಿ. ಕೇಳಿದ್ರೆ ನಾ ಹೇಳ್ತೀನಿ."

ಅವನು ಎರಡು ಸಲ ಕೇಳಿ ಒತ್ತಿದ. ಸ್ಟಿಕ್ಕರ್ ಕಿತ್ತು ತೂತಾದದ್ದಕ್ಕೆ ಹಾಕಿದ.

ಮೂರನೇ ದಿನ ಸೂಪರ್‌ವೈಸರ್ ನಿರ್ಮಲಮ್ಮನ ಫೋನು ಬಂತು. ಈ ನಾಲ್ಕು ವರ್ಷದಲ್ಲಿ ಆ ಪಾತ್ರೆಯ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು.

"ನಮ್ಮ ಸರ್ಕಲ್ಲಿನ ಕೇಂದ್ರಗಳಾಗೆ ನಿಮ್ದೊಂದೇ ಕೆಂಪು ಕಾಣ್ತೈತೆ. ಏನ್ರೀ ಇದು?"

ಸಾಜಿದಾ ಮೂರು ಅರ್ಜಿಗಳ ತಾರೀಖು ಓದಿ ಹೇಳಿದಳು. ತೂತಿನ ಫೋಟೊ ಇವತ್ತೇ ಕಳಿಸಿ ಎಂದರು ನಿರ್ಮಲಮ್ಮ. ಹೊಸದು ಬರುವವರೆಗೆ ಮಕ್ಕಳಿಗೆ ಯಾವುದರಲ್ಲಿ ಬೇಯಿಸುತ್ತೀರಿ ಎಂದು ಕೇಳಲಿಲ್ಲ.

ಶಂಕ್ರಮ್ಮ ಅಂಗಳದಲ್ಲಿ ತೂತಾದ ಪಾತ್ರೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಸಾಜಿದಾ ಫೋಟೊ ತೆಗೆದು ಕಳಿಸಿದಳು. ಹೊಸ ಪಾತ್ರೆ ಕೊಡಬೇಕಾದ ಕೇಂದ್ರಗಳ ಪಟ್ಟಿಗೆ ನಿಮ್ಮದೂ ಸೇರಿದೆ ಎಂಬ ಮೆಸೇಜು ಸಂಜೆಗೆ ಬಂತು. ಯಾವಾಗ ಬರುತ್ತದೆ ಎಂಬುದು ಅದರಲ್ಲಿರಲಿಲ್ಲ. ಮನೆಗೆ ಹೋಗಿ ತಾಯಿಗೆ ಅದನ್ನು ಓದಿ ಹೇಳಿದಳು. ರಂಜಾನಿಗೆ ಆಗುವ ಮಾತಲ್ಲ, ಬಕ್ರೀದಿಗೆ ನೋಡೋಣ ಎಂದರು ತಾಯಿ.