ಹೊಕ್ಕಳಿಂದ ನಾಲ್ಕು ಬೆರಳು ಮೇಲೆ

"ಬೋಳಿಮಗನೇ, ಕಲ್ಲು ಒಡೆದು ಹಾಕ್ಲಿಕ್ಕೆ ಕೂಲಿ ಕೊಡ್ತೀನೇನೋ ನಿಂಗೆ?"

ಬೈಗುಳದ ಜೊತೆಗೇ ಬೂಟುಗಾಲೂ ಬಂತು. ನನ್ನ ಗಂಡ ಮಾಸ್ತಪ್ಪ ಜಂಬಿಟ್ಟಿಗೆ ಕಲ್ಲಿನ ರಾಶಿಗೆ ಬೆನ್ನು ಕೊಟ್ಟು ನಿಂತಿದ್ದ. ಹಿಂದೆ ಸರಿಯಲು ಜಾಗವಿರಲಿಲ್ಲ. ಕ್ವಾರಿಯ ಒಡೆಯ ಪೂರ್ಣೇಶ್ ಅವನ ಹೊಟ್ಟೆಗೆ ಒದ್ದು, ಜೀಪು ಹತ್ತಿ ಕೋಣಂದೂರಿನ ಕಡೆ ಹೋದ. ಲಾರಿಗೆ ಹೇರುವಾಗ ಒಂದು ಕಲ್ಲಿನ ಮೂಲೆ ಮುರಿದಿತ್ತು, ಅಷ್ಟೇ.

"ಎಂತ ಆಗ್ಲಿಲ್ಲ ಮಾರಾಯ್ತಿ," ಎಂದು ಕುಸಿದಿದ್ದ ಮಾಸ್ತಪ್ಪ ಎದ್ದು ಸಂಜೆಯವರೆಗೂ ಕಲ್ಲು ಹೊತ್ತ. ರಕ್ತ ಬಂದಿರಲಿಲ್ಲ, ಬಾವೂ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಗಂಜಿ ಕುಡಿದವನೇ ವಾಂತಿ ಮಾಡಿ, ಹೊಟ್ಟೆ ಹಿಡಿದು ಮುದುಡಿ ಮಲಗಿದ.

ಹೊಟ್ಟೆಯ ವಿಷಯ ನನಗೆ ಗೊತ್ತು ಅಂದುಕೊಂಡಿದ್ದೆ. ಭಾರ ಎತ್ತಿ ಯಾರಿಗೆ ಬಟ್ಟಿ ಬಿದ್ದರೂ, ಅಂದರೆ ಹೊಕ್ಕಳ ನಾಡಿ ಜಾರಿದರೂ, ನಮ್ಮ ಬಿಡಾರದ ಸಾಲಿನವರೆಲ್ಲ ಕನ್ನಮ್ಮನ ಹತ್ತಿರ, ನನ್ನ ಹತ್ತಿರವೇ ಬರುವುದು. ಎಣ್ಣೆ ಹಚ್ಚಿ ಒತ್ತಿ ತಿಕ್ಕಿದರೆ ಮತ್ತೆ ಕೂರುತ್ತದೆ. ಇವನಿಗೂ ಬಟ್ಟಿಯೇ ಬಿದ್ದಿದೆ ಎಂದು ಒತ್ತಿದೆ. ಕಿರುಚಿಕೊಂಡ. "ತಡ್ಕ ಸ್ವಲ್ಪ," ಎಂದು ಇನ್ನೂ ಜೋರಾಗಿ ಒತ್ತಿದೆ. ಈ ಕೈಗಳನ್ನು ಕತ್ತರಿಸಿ ಹಾಕಬೇಕು ಅನ್ನಿಸುತ್ತದೆ ಈಗ.

ಪೂರ್ಣೇಶನೇ ಜೀಪಿನಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನಿಗೂ ಕರುಳು ಇದೆಯಲ್ಲ ಅಂದುಕೊಂಡೆ, ಹುಚ್ಚಿ ನಾನು. ಚೀಟಿ ಬರೆಸುವಲ್ಲಿ ಅವನೇ ಮಾತಾಡಿದ. "ಕುಡಿತ ಜಾಸ್ತಿ ಇವ್ನಿಗೆ. ಕೆಲಸದವ್ನು ಅಂದ್ಮೇಲೆ ನಾವೇ ನೋಡ್ಕಬೇಕಲ್ಲ." ಆಮೇಲೆ ನನ್ನ ಕಿವಿಯ ಹತ್ತಿರ, "ಬಾಯಿ ಬಿಟ್ರೆ ನಿನ್ ಬಿಡಾರ ಕಿತ್ತು ಹೊಳೆಗೆ ಹಾಕ್ತೀನಿ" ಎಂದ.

ಬಿಡಾರ ಇರುವುದು ಅವನ ಜಾಗದಲ್ಲಿ. ಬಾಯಿ ಮುಚ್ಚಿಕೊಂಡೆ. ಎರಡು ದಿನ ಗ್ಲೂಕೋಸ್ ಬಾಟಲಿ ನೋಡುತ್ತಾ ಕೂತೆ.

ಮೂರನೆಯ ದಿನ ರಜೆಯಿಂದ ಬಂದ ಡಾಕ್ಟರಮ್ಮ ಕೇಳಿದರು.

"ಎಷ್ಟು ವರ್ಷದಿಂದ ಕುಡೀತಾನೆ?"

"ಯಾರು?"

"ನಿನ್ನ ಗಂಡ. ಇಲ್ಲಿ ಬರೆದಿದೆಯಲ್ಲ? ಮೇದೋಜೀರಕ ಊದಿದೆ."

"ಅದೆಂತ ಅಮ್ಮಾ?"

ಅವರು ನನ್ನದೇ ಕೈ ಹಿಡಿದು ನನ್ನ ಹೊಟ್ಟೆಯ ಮೇಲೆ ಇಟ್ಟರು, ಹೊಕ್ಕಳಿಂದ ನಾಲ್ಕು ಬೆರಳು ಮೇಲೆ. "ಇಲ್ಲಿ, ಒಳಗೆ, ಬೆನ್ನುಮೂಳೆಗೆ ಅಡ್ಡಲಾಗಿ ಇರತ್ತೆ. ತಿಂದಿದ್ದನ್ನ ಕರಗಿಸೋ ರಸ ಬರೋದು ಇದ್ರಿಂದ. ಕುಡಿಯೋರಿಗೆ ಊದತ್ತೆ. ಮುಂದಿನಿಂದ ಜೋರು ಪೆಟ್ಟು ಬಿದ್ರೂ ಬೆನ್ನುಮೂಳೆಗೆ ಸಿಕ್ಕಿ ಸೀಳಿಹೋಗ್ಬಹುದು. ಹೊರಗೆ ಗುರುತೇ ಇರಲ್ಲ. ನೋವೂ ಕೆಲವೊಮ್ಮೆ ತಡವಾಗಿ ಬರತ್ತೆ. ಸೀಳಿದ್ರೆ ಆ ರಸ ಸೋರಿ ಒಳಗಿನ ಮಾಂಸಾನೇ ಕರಗಿಸತ್ತೆ." ನನ್ನ ಮುಖ ನೋಡಿದರು. "ಪೆಟ್ಟಾಗಿದ್ರೆ ಈಗ್ಲೇ ಹೇಳು. ಸ್ಕ್ಯಾನ್ ಮಾಡಿ ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಪೊಲೀಸ್ರಿಗೂ ತಿಳಿಸ್ಬೇಕು."

ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದವನು ಮಂಚದ ಮೇಲೆ ಕುಡುಕನ ಚೀಟಿ ಹೊತ್ತು ಮಲಗಿದ್ದ. ಅವನ ತುಟಿ ಒಣಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಪೂರ್ಣೇಶ್ ಒಳಗೆ ಬಂದ. ಬಿಳಿ ಅಂಗಿ, ಅದೇ ಬೂಟು. ಕೈಯಲ್ಲಿ ಕಾಗದ, ಶಾಯಿಯ ಡಬ್ಬಿ.

"ನಾವು ಕರ್ಕೊಂಡೋಗ್ತೀವಿ ಡಾಕ್ಟ್ರೇ, ಮನೇಲೇ ಸುಧಾರಿಸ್ಕಳ್ತಾನೆ." ನನ್ನ ಕಡೆ ತಿರುಗಿದ. "ಕುಡಿದು ಬಿದ್ದ ಅಂತ ಬರ್ದಿದೀನಿ. ಹೆಬ್ಬೆಟ್ಟು ಒತ್ತು."

ನಾನು ಮಂಚದ ಕಡೆ ನೋಡಿದೆ.

"ಒತ್ತೇ ಮುಂಡೆ! ಬಿಡಾರ ಬೇಕೋ ಬೇಡ್ವೋ?"

ಬಿಡಾರ ಬೇಕು. ಆದರೆ ಅದರೊಳಗೆ ಮಲಗಲು ಮಾಸ್ತಪ್ಪ ಬೇಕಲ್ಲ!

ಹೆಬ್ಬೆಟ್ಟನ್ನು ಶಾಯಿಗೆ ಒತ್ತಿದೆ. ಹೊಟ್ಟೆಯ ಮೇಲೆ ಜಾಗ ಹುಡುಕುವುದನ್ನು ನನ್ನ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೂರ್ಣೇಶನ ಬಿಳಿ ಅಂಗಿಯ ಮೇಲೆ, ಹೊಕ್ಕಳಿಂದ ನಾಲ್ಕು ಬೆರಳು ಮೇಲೆ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದೆ.

"ಥೂ, ಮುಟ್ತೀಯೇನೇ ನನ್ನ!" ಎನ್ನುತ್ತಾ ಹಿಂದೆ ಸರಿದ. ಬೆನ್ನಿಗೆ ಗೋಡೆ ಸಿಕ್ಕಿತು. ನಾನು ಕೈ ತೆಗೆಯಲಿಲ್ಲ.

"ಇಲ್ಲಿಗೆ ಒದ್ದಿದ್ದು ಡಾಕ್ಟ್ರಮ್ಮ," ಎಂದೆ. "ಇವ್ನೇ. ಇದೇ ಬೂಟಲ್ಲಿ. ಗುರುತು ಇಲ್ಲ ಅಂದ್ರಲ್ಲ, ಇಲ್ಲಿ ಐತೆ ನೋಡಿ, ಬರ್ಕಳಿ."